ಹತ್ತು ಗಂಟೆಯ ಬಿಸಿಲು

ನಮ್ಮ ಕಡೆ ಮಳೆ ಬೀಳುವುದು ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ. ಮೂಡಿಗೆರೆ ಸೀಮೆಯ ಯಾವುದೇ ಕಾಫಿ ಬೆಳೆಗಾರರ ಮನೆಗೆ ಮಾರ್ಚ್ ತಿಂಗಳಲ್ಲಿ ಫೋನ್ ಮಾಡಿ ನೋಡಿ, ಊಟ ಆಯ್ತಾ ಅನ್ನುವ ಮೊದಲೇ "ನಿಮ್ಮಲ್ಲಿ ಎಷ್ಟು ಸೆಂಟು ಬಂತು?" ಅಂತ ಕೇಳುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ಹೂಮಳೆ ಒಂದು ಇಂಚಿನ ಆಸುಪಾಸು ಬಿದ್ದರೆ ಎಂಟ್ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬರೀ ಮೂವತ್ತು ಸೆಂಟು ಉದುರಿಸಿ ಮೋಡ ಆಚೆ ಹೋಯಿತೋ, ಮೊಗ್ಗು ಅತ್ತ ಪೂರ್ತಿ ಅರಳುವುದಿಲ್ಲ, ಇತ್ತ ಸುಮ್ಮನೂ ಇರುವುದಿಲ್ಲ. ಸ್ಪ್ರಿಂಕ್ಲರ್ ಹಾಕುವುದೋ, ಇನ್ನೆರಡು ದಿನ ಕಾಯುವುದೋ ಅಂತ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ಅಜ್ಜನ ಬಳಿ ತಾಮ್ರದ ಮಳೆಮಾಪಕ ಇತ್ತು. ಐದು ಇಂಚು ಅಗಲದ ಬಾಯಿ, ಒಳಗೊಂದು ಬಾಟಲಿ, ಅಳೆಯಲು ಗೀಟು ಕೊರೆದ ಗಾಜಿನ ಲೋಟ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಕಿತ್ತಳೆ ಮರದ ಪಕ್ಕದಲ್ಲಿ ಅದನ್ನು ಹೂತಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಉದ್ದನೆಯ ಲೆಡ್ಜರಿನಲ್ಲಿ ಬರೆಯುತ್ತಿದ್ದರು. ನಮ್ಮ ತೋಟದ ಮಳೆ ಪಕ್ಕದ ತೋಟಕ್ಕಿಂತ ಯಾವಾಗಲೂ ಒಂದಿಷ್ಟು ಜಾಸ್ತಿಯೇ ಬರುತ್ತಿತ್ತು. ಅಜ್ಜನಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ. ಒಂದು ಬೆಳಿಗ್ಗೆ, ರಾತ್ರಿಯಿಡೀ ಬರೀ ಮಂಜು ಕವಿದಿತ್ತು, ಮಳೆ ಒಂದು ಹನಿಯೂ ಇರಲಿಲ್ಲ, ಆದರೂ ಲೋಟದಲ್ಲಿ ಆರು ಸೆಂಟು ನೀರು. ಅಜ್ಜ ಲೋಟ ನೋಡಿದರು, ತಲೆಯೆತ್ತಿ ಮರ ನೋಡಿದರು. ಮಾಪಕ ಹೂತ ಮೇಲಿನ ಹದಿನೈದು ವರ್ಷಗಳಲ್ಲಿ ಮರ ಬೆಳೆದಿತ್ತು, ಅಷ್ಟೆ. ಅವತ್ತೇ ಆಳು ಕರೆದು ಮಾಪಕವನ್ನು ಬಯಲಿಗೆ ಹೂಳಿಸಿ, ಲೆಡ್ಜರಿನಲ್ಲಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಬರೆದರು: "ಇಲ್ಲಿಂದ ಮೇಲಿನದು ಮರದ ಹನಿ ಸೇರಿ." ನನಗಾಗ ಒಂಬತ್ತು ವರ್ಷ. ಹಳೆಯ ಲೆಕ್ಕ ಹರಿದು ಹಾಕಲಿಲ್ಲ, ತಿದ್ದಲೂ ಇಲ್ಲ. ಅದು ಯಾಕೆ ನೆನಪಿನಲ್ಲಿ ಉಳಿಯಿತೋ ಗೊತ್ತಿಲ್ಲ, ಉಳಿಯಿತು.

ಮಾನಸ ಗಂಗೋತ್ರಿಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದದ್ದು 1994ರಲ್ಲಿ. ಒತ್ತಡ ಅಳೆಯುವ ಸೆನ್ಸರ್ ಮಾಡುವ ಒಂದು ಕಂಪನಿಯ ಆರ್ ಅಂಡ್ ಡಿ ವಿಭಾಗದಲ್ಲಿ ಕೆಲಸ ಸಿಕ್ಕಿತು. (ಪಠ್ಯದಲ್ಲಿ 'ಸಂವೇದಕ' ಅಂತ ಒಳ್ಳೆಯ ಪದ ಇದೆ. ಮೂವತ್ತು ವರ್ಷದಲ್ಲಿ ಲ್ಯಾಬಿನೊಳಗೆ ಯಾರ ಬಾಯಲ್ಲೂ ಅದನ್ನು ಕೇಳಿಲ್ಲ.) ನಮ್ಮ ಮೇಷ್ಟ್ರೊಬ್ಬರು "ಫಿಸಿಕ್ಸ್ ಬಿಟ್ಟು ಫ್ಯಾಕ್ಟರಿ ಸೇರಿದೆಯೇನಮ್ಮ?" ಅಂತ ನೊಂದುಕೊಂಡರು. ನನಗೂ ಒಂದೆರಡು ವರ್ಷ ಹಾಗೇ ಅನ್ನಿಸುತ್ತಿತ್ತು. ಆಮೇಲೆ ಆ ಬಿಸಿಲಿನ ಪ್ರಸಂಗ ನಡೆಯಿತು.

ನಮ್ಮದು ಸಿಲಿಕಾನ್ ಸೆನ್ಸರ್. ಉಗುರಿಗಿಂತ ಚಿಕ್ಕ ಚೂರು, ಅದರ ನಡುವೆ ಕೂದಲೆಳೆಗಿಂತ ತೆಳುವಾದ ಪೊರೆ. ಪೊರೆಯ ಅಂಚಿನಲ್ಲಿ ಬೋರಾನ್ ಇಳಿಸಿ ಮಾಡಿದ ಕರೆಂಟಿಗೆ ತಡೆಯೊಡ್ಡುವ ನಾಲ್ಕು ರೆಸಿಸ್ಟರುಗಳು, ನಾಲ್ಕೂ ಸೇರಿ ತಕ್ಕಡಿಯಂತೆ ರೋಧ ತೂಗುವ ಒಂದು ವೀಟ್‌ಸ್ಟನ್ ಬ್ರಿಡ್ಜ್. ಗಾಳಿಯೋ ನೀರೋ ಒತ್ತಿದರೆ ಪೊರೆ ಬಾಗುತ್ತದೆ, ಎರಡು ರೆಸಿಸ್ಟರಿನ ರೋಧ ಏರುತ್ತದೆ, ಇನ್ನೆರಡರದ್ದು ಇಳಿಯುತ್ತದೆ, ಬ್ರಿಡ್ಜಿನ ತಕ್ಕಡಿ ಓಲುತ್ತದೆ. ಐದು ವೋಲ್ಟ್ ಕೊಟ್ಟರೆ ಪೂರ್ಣ ಒತ್ತಡಕ್ಕೆ ನೂರು ಮಿಲಿವೋಲ್ಟ್ ಬರಬೇಕು. ಒತ್ತಡವೇ ಇಲ್ಲದಾಗ ಸೊನ್ನೆ ಬರಬೇಕು. ಬರುವುದಿಲ್ಲ, ಆದರೆ ಬಂದದ್ದು ಅಲುಗದೆ ನಿಂತರೆ ಸಾಕು.

ನಿಲ್ಲುತ್ತಿರಲಿಲ್ಲ. ಮುಚ್ಚಳ ಹಾಕದ ಹನ್ನೆರಡು ಸೆನ್ಸರುಗಳನ್ನು ಮೇಜಿನ ಮೇಲೆ ಜೋಡಿಸಿ, ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುವ ಪೆನ್ ರೆಕಾರ್ಡರಿಗೆ ಸೇರಿಸಿದ್ದೆ. ಬೆಳಿಗ್ಗೆ ಹತ್ತಾಗುತ್ತಿದ್ದ ಹಾಗೆ ಪೆನ್ನು ಎರಡು ಮಿಲಿವೋಲ್ಟ್ ಆಚೆ ಸರಿಯುತ್ತಿತ್ತು, ಹನ್ನೊಂದೂವರೆಗೆ ಏನೂ ಆಗಿಲ್ಲ ಅನ್ನುವ ಹಾಗೆ ವಾಪಸು. ಕೆಲವು ದಿನ ಸರಿಯುತ್ತಲೇ ಇರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಮೆಷಿನ್ ಇತ್ತು, ಅದರ ಮೇಲೆ ಅನುಮಾನ ಬಿತ್ತು. ಕರೆಂಟಿನ ಏರಿಳಿತದ ಮೇಲೆ ಬಿತ್ತು, ಹೊಸ ಸ್ಟೆಬಿಲೈಜರ್ ತರಿಸಿದೆವು. ಹತ್ತು ಗಂಟೆಗೆ ಟೀ ತರುವ ಹುಡುಗ ಬಾಗಿಲು ತೆಗೆದಿಟ್ಟು ಹೋಗುತ್ತಾನೆ ಅಂತ ಅವನನ್ನೂ ಬಿಡಲಿಲ್ಲ. ಮೂರು ವಾರ ಹೀಗೆ.

ಅದೇ ಕೋಣೆಯ ಕಿಟಕಿ ಪಕ್ಕ ಬಾಂಡಿಂಗ್ ಮಾಡುವ ಅಕ್ಕ ಕೂರುತ್ತಿದ್ದರು. ಮೈಕ್ರೋಸ್ಕೋಪಿನಡಿ ಇಪ್ಪತ್ತೈದು ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಚಿನ್ನದ ತಂತಿಯನ್ನು ಚೂರಿನಿಂದ ಸೆನ್ಸರಿನ ಲೋಹದ ಕಾಲಿಗೆ, ಕಾಲಿನಿಂದ ಚೂರಿಗೆ ಹೊಲಿಯುವ ಕೆಲಸ. ನಾನು ಚಾರ್ಟಿನ ಸುರುಳಿಗಳನ್ನು ನೆಲದ ಮೇಲೆ ಹಾಸಿ ತಾರೀಕು ಹಿಡಿದು ನೋಡುತ್ತಾ ಹೋದಾಗ ಒಂದು ವಿಚಿತ್ರ ಕಂಡಿತು. ಅಕ್ಕ ರಜ ಹಾಕಿದ ದಿನ ಪೆನ್ನು ಸರಿದಿದೆ, ಅವರು ಬಂದ ದಿನ ಗೆರೆ ನೇರ. ಸಹೋದ್ಯೋಗಿಗಳು ಅಕ್ಕನ ಕೈಗುಣ ಅಂತ ನಕ್ಕರು. ನಾನು ಹೋಗಿ ಕೇಳಿಯೇಬಿಟ್ಟೆ, ಬೆಳಿಗ್ಗೆ ಬಂದ ಮೇಲೆ ನೀವು ಏನೇನು ಮಾಡುತ್ತೀರಿ ಅಂತ. ಚಪ್ಪಲಿ ಬಿಡ್ತೀನಿ, ಕೋಟು ಹಾಕ್ತೀನಿ, ದೀಪ ಹಾಕ್ತೀನಿ. "ಆಮೇಲೆ ಹತ್ತರ ಹೊತ್ತಿಗೆ ಬಿಸಿಲು ಕಣ್ಣಿಗೇ ಹೊಡೆಯುತ್ತಲ್ಲ ಮೇಡಂ, ಪರದೆ ಇಳಿಸ್ತೀನಿ. ಅಷ್ಟೇಯ."

ಡ್ರಾಯರಿನಲ್ಲಿ ಎರಡು ಸೆಲ್ಲಿನ ಟಾರ್ಚ್ ಇತ್ತು. ತೆಗೆದು ಸೆನ್ಸರಿನ ಮೇಲೆ ಬಿಟ್ಟೆ. ಪೆನ್ನು ಕಾಗದದ ಮೇಲೆ ಓಡಿತು. ಆರಿಸಿದೆ, ವಾಪಸು ಬಂತು.

ನಾಚಿಕೆ ಆಗಿದ್ದು ಯಾಕೆ ಅಂದರೆ, ಎಲೆಕ್ಟ್ರಾನ್ ಹೆಚ್ಚಿರುವ ಎನ್ ಬಗೆಯ ಸಿಲಿಕಾನಿನೊಳಗೆ ಎಲೆಕ್ಟ್ರಾನ್ ಕೊರತೆಯ ಪಿ ಬಗೆಯ ರೆಸಿಸ್ಟರ್ ಕೂತಿದ್ದರೆ ಅವೆರಡರ ನಡುವೆ ಪಿ-ಎನ್ ಜಂಕ್ಷನ್ ಇದ್ದೇ ಇರುತ್ತದೆ, ಜಂಕ್ಷನ್ ಮೇಲೆ ಬೆಳಕು ಬಿದ್ದರೆ ಕರೆಂಟ್ ಹುಟ್ಟುತ್ತದೆ. ಸೋಲಾರ್ ಪ್ಯಾನೆಲ್ ಕೆಲಸ ಮಾಡುವುದೂ ಹೀಗೇ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಹತ್ತು ಅಂಕದ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ನಾವು ಒತ್ತಡದ ಸೆನ್ಸರ್ ಅಂತ ಹೆಸರಿಟ್ಟಿದ್ದೆವು, ಆದರೆ ಆ ಹೆಸರು ಸಿಲಿಕಾನಿಗೆ ಗೊತ್ತಿರಲಿಲ್ಲ. ಅದು ಬಿಸಿಲನ್ನೂ ಅಳೆಯುತ್ತಿತ್ತು. ಶಾಖವನ್ನೂ ಅಳೆಯುತ್ತಿತ್ತು. ತನ್ನನ್ನು ಅಂಟಿಸಿದ ಗೋಂದು ವಾರಗಟ್ಟಲೆ ಒಣಗುತ್ತಾ ಎಳೆಯುವುದನ್ನೂ ಅಳೆಯುತ್ತಿತ್ತು. ಮಿಕ್ಕ ಎಲ್ಲವನ್ನೂ ಅದರ ಕಣ್ಣಿಂದ ಮರೆಮಾಡಿ ಒತ್ತಡವೊಂದನ್ನೇ ಉಳಿಸುವುದು ನನ್ನ ಕಸುಬು ಅಂತ ಗೊತ್ತಾಗಿದ್ದು ಆಗ. ಮೇಷ್ಟ್ರ ಮಾತು ಕೊರೆಯುವುದು ನಿಂತಿತು. ಫ್ಯಾಕ್ಟರಿಗೆ ಬಂದ ಮೇಲೇ ನನಗೆ ಫಿಸಿಕ್ಸ್ ಬೇಕಾಗಿದ್ದು.

ಶಾಖದ ಕಾಟ ಬಿಸಿಲಿಗಿಂತ ದೊಡ್ಡದು. ಪರದೆ ಇಳಿಸಿದರೆ ಹೋಗುವಂಥದ್ದಲ್ಲ. ಸಿಲಿಕಾನ್ ಬಿಸಿಯಾದಂತೆ ಒತ್ತಡಕ್ಕೆ ಸ್ಪಂದಿಸುವ ಗುಣ ಡಿಗ್ರಿಗೆ ಸುಮಾರು ಶೇಕಡ 0.2ರಷ್ಟು ಕುಗ್ಗುತ್ತದೆ. ಕೇಳಲು ಚಿಲ್ಲರೆ ಅನ್ನಿಸುತ್ತದೆ, ವಾಹನದ ಎಂಜಿನ್ ಪಕ್ಕ ಕೂರಿಸಿದರೆ ನೂರು ಡಿಗ್ರಿಗೆ ಶೇಕಡ 20 ಆಯಿತು. ಆದರೆ ಅದೇ ಬಿಸಿಗೆ ರೆಸಿಸ್ಟರಿನ ರೋಧ ಏರುತ್ತದೆ. ಬೋರಾನ್ ಎಷ್ಟು ಇಳಿಸಬೇಕು ಅನ್ನುವುದನ್ನು ಸರಿಯಾಗಿ ಆರಿಸಿ, ವೋಲ್ಟೇಜ್ ಬದಲು ಕರೆಂಟನ್ನು ಸ್ಥಿರವಾಗಿಟ್ಟು ನಡೆಸಿದರೆ, ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ಬಹುಪಾಲು ನುಂಗಿಬಿಡುತ್ತದೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವುದು ಅನ್ನುತ್ತೇವಲ್ಲ, ಹಾಗೆ. ಮೊದಲ ಸಲ ಈ ಉಪಾಯ ಫಲಿಸಿ ಓವನ್ನಿನಲ್ಲಿ ಕಾಯಿಸಿದ ಸೆನ್ಸರಿನ ಗೆರೆ ಹೆಚ್ಚುಕಡಿಮೆ ಚಪ್ಪಟೆ ಬಂದ ರಾತ್ರಿ, ಲ್ಯಾಬಿನಲ್ಲಿ ನಾನು ಮತ್ತು ವಾಚ್‌ಮನ್ ಇಬ್ಬರೇ. ಅವರಿಗೇ ತೋರಿಸಿದೆ. "ಗೆರೆ ಏನೂ ಆಗ್ತಿಲ್ವಲ್ಲಮ್ಮ" ಅಂದರು. ಅದೇ ಸರ್, ಅದೇ.

ಈ ಕಸುಬಿನ ಚರಿತ್ರೆಯೂ ಹೀಗೇ ನಿಧಾನದ್ದು. ಲೋಹದ ತಂತಿಯನ್ನು ಎಳೆದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ ಅಂತ ಕೆಲ್ವಿನ್ ಕಂಡದ್ದು 1856ರಲ್ಲಿ. ಅದನ್ನೇ ಬಳಸಿ, ವಸ್ತುವಿನ ಮೇಲೆ ಅಂಟಿಸಿ ಅದು ಹಿಗ್ಗುವುದನ್ನೂ ಕುಗ್ಗುವುದನ್ನೂ ಅಳೆಯುವ ಸ್ಟ್ರೇನ್ ಗೇಜ್ ಮಾಡಿದ್ದು 1938ರಲ್ಲಿ, ಅಮೆರಿಕದ ಎರಡು ತುದಿಯಲ್ಲಿ ಇಬ್ಬರು, ಎಂಐಟಿಯ ಆರ್ಥರ್ ರೂಜ್ ಮತ್ತು ಕಾಲ್ಟೆಕ್‌ನ ಎಡ್ವರ್ಡ್ ಸಿಮನ್ಸ್. ನಡುವೆ 82 ವರ್ಷ. ಆ ಗೇಜಿಗೆ ಎಸ್ಆರ್-4 ಅಂತ ಹೆಸರು ಬಿತ್ತು, ಎಸ್ ಅಂದರೆ ಸಿಮನ್ಸ್, ಆರ್ ಅಂದರೆ ರೂಜ್. (ಸಿಮನ್ಸ್ ತನ್ನ ಪೇಟೆಂಟ್ ಹಕ್ಕಿಗಾಗಿ ಕಾಲ್ಟೆಕ್ ಮೇಲೇ ಕೇಸು ಹಾಕಿ 1949ರಲ್ಲಿ ಗೆದ್ದ. ಆ ಸುದ್ದಿ ಓದಿದ ದಿನ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಏನೋ ಸಂತೋಷ.) ಲೋಹಕ್ಕಿಂತ ಸಿಲಿಕಾನ್ ಮತ್ತು ಜರ್ಮೇನಿಯಂ ಎಷ್ಟೋ ಪಟ್ಟು ಹೆಚ್ಚು ಸ್ಪಂದಿಸುತ್ತವೆ ಅಂತ ಚಾರ್ಲ್ಸ್ ಸ್ಮಿತ್ 1954ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಪ್ರಕಟಿಸಿದ. ಎಳೆತಕ್ಕೆ ಹೋಲಿಸಿದರೆ ರೋಧ ಎಷ್ಟು ಪಟ್ಟು ಬದಲಾಗುತ್ತದೆ ಅನ್ನುವ ಅಂಕಿ ಲೋಹದ ಗೇಜಿಗೆ ಸುಮಾರು 2 ಆದರೆ ಸಿಲಿಕಾನಿನದ್ದು ನೂರರ ಹತ್ತಿರ. ಇಂದು ಕಾರಿನಲ್ಲಿ, ಬಿಪಿ ಮೆಷಿನ್ನಿನಲ್ಲಿ, ಫೋನಿನಲ್ಲಿ ಇರುವ ಎಷ್ಟೋ ಒತ್ತಡದ ಸೆನ್ಸರುಗಳು ಆ ಸಣ್ಣ ಲೇಖನದ ಮಕ್ಕಳು.

ಸೊಗಸು ಅನ್ನುವುದೇನಾದರೂ ಈ ಕೆಲಸದಲ್ಲಿದ್ದರೆ ಅದು ಪೊರೆ ಕೊರೆಯುವುದರಲ್ಲಿದೆ. ಸಿಲಿಕಾನ್ ಬಿಲ್ಲೆಗೆ ಚೌಕಾಕಾರದ ಕಿಂಡಿ ಬಿಟ್ಟು ಮಿಕ್ಕದ್ದನ್ನು ಮುಚ್ಚಿ, ಎಂಬತ್ತು ಡಿಗ್ರಿ ಬಿಸಿಯ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಳಿಬಿಡುತ್ತೇವೆ. ಮೆತ್ತನೆ ಸೋಪು ಮಾಡಲು ಬಳಸುವ ಕ್ಷಾರವೇ. ನಿಮಿಷಕ್ಕೆ ಸುಮಾರು ಒಂದು ಮೈಕ್ರಾನ್ ತಿನ್ನುತ್ತದೆ, ಹಾಗಾಗಿ ಬೆಳಿಗ್ಗೆ ಬಿಟ್ಟರೆ ಊಟ ಮುಗಿಸಿ ಬರುವ ಹೊತ್ತಿಗೂ ಮುಗಿದಿರುವುದಿಲ್ಲ. ತೆಗೆದು ನೋಡಿದರೆ ಬುಡಮೇಲಾದ ಪಿರಮಿಡ್ಡಿನಂಥ ಹೊಂಡ, ಗೋಡೆಗಳು ಕನ್ನಡಿಯ ಹಾಗೆ ನುಣುಪು, ಓರೆ 54.74 ಡಿಗ್ರಿ. ಯಾರೇ ಮಾಡಲಿ, ಎಲ್ಲೇ ಮಾಡಲಿ, ಅಷ್ಟೇ. ಯಾವ ಉಳಿಯೂ ಆ ಓರೆ ಕೊಟ್ಟಿದ್ದಲ್ಲ. ಹರಳಿನೊಳಗೆ ಪರಮಾಣುಗಳು ಜೋಡಿಕೊಂಡಿರುವ ರೀತಿಯೇ ಕಣ್ಣಿಗೆ ಕಾಣುವ ಹಾಗೆ ಹೊರಗೆ ಬಂದದ್ದು. ನೂರಾರು ಸಲ ನೋಡಿದ್ದೇನೆ, ಪ್ರತಿಸಲ ಒಂದು ಗಳಿಗೆ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲು ಆಗುವುದಿಲ್ಲ.

ಓವನ್ ಕಾಯುವ ರಾತ್ರಿಗಳಲ್ಲಿ ನಾನು ಹವಾಮಾನ ವಿಜ್ಞಾನಿ ಅನ್ನಾ ಮಣಿ ಅವರ ಬಗ್ಗೆ ತುಂಬಾ ಯೋಚಿಸುತ್ತಿದ್ದೆ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ವರ್ಣಪಟಲ ಹಿಡಿಯುವ ಕೆಲಸ ಮಾಡಿದರು. ಒಂದೊಂದು ಫೋಟೋ ತಟ್ಟೆಗೆ ಹದಿನೈದು, ಇಪ್ಪತ್ತು ಗಂಟೆ ಬೆಳಕು ಬಿಡಬೇಕು, ಅವರು ಲ್ಯಾಬಿನಲ್ಲೇ ರಾತ್ರಿ ಕಳೆಯುತ್ತಿದ್ದರು. 1945ರಲ್ಲಿ ಪ್ರಬಂಧ ಸಲ್ಲಿಸಿದರೆ, ಎಂ.ಎಸ್ಸಿ. ಪದವಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಆ ಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು. ಫಿಸಿಕ್ಸ್ ಓದಲೆಂದು ಇಂಗ್ಲೆಂಡಿಗೆ ಹೊರಟರೆ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿಯ ವಿದ್ಯಾರ್ಥಿವೇತನ. ಅದನ್ನೇ ಹಿಡಿದುಕೊಂಡರು.

1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದಾಗ, ಸಾಮಾನ್ಯ ಉಪಕರಣಗಳನ್ನೂ ದೇಶ ಹೊರಗಿನಿಂದ ತರಿಸುತ್ತಿತ್ತು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಅವರು ಪ್ರಮಾಣೀಕರಿಸಿ ಇಲ್ಲೇ ಮಾಡಿಸಲು ಶುರುಮಾಡಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ಬಿಸಿಲಿನ ತೀವ್ರತೆ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು, ಆಮೇಲೆ ಓಜೋನ್ ಅಳೆದು ಕಳಿಸುವ ಬಲೂನ್ ಉಪಕರಣ. 1976ರಲ್ಲಿ ನಿವೃತ್ತರಾಗಿ ಮತ್ತೆ ಬೆಂಗಳೂರಿಗೆ ಬಂದು, ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಸಾಧನಗಳನ್ನು ತಯಾರಿಸುವ ಚಿಕ್ಕ ಕಾರ್ಖಾನೆಯನ್ನೂ ನಡೆಸಿದರು. ಅವರು ಬಿಸಿಲು ಅಳೆಯಲು ಅಷ್ಟೆಲ್ಲ ಪಟ್ಟ ಪಾಡು, ನನಗೆ ಬೇಡವೆಂದರೂ ಬಿಸಿಲು ಅಳೆಯುತ್ತಿದ್ದ ನನ್ನ ಚೂರುಗಳು! ಒಮ್ಮೆಯಾದರೂ ಹೋಗಿ ಮಾತಾಡಿಸಿ, ಈ ಕಥೆ ಹೇಳಿ ನಗಿಸಬೇಕು ಅಂದುಕೊಂಡಿದ್ದೆ. ನಾಳೆ ನಾಳೆ ಅನ್ನುತ್ತಾ 2001 ಬಂತು, ಅವರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಓದಿದೆ.

ಒತ್ತಡದಿಂದ ಗ್ಯಾಸಿನ ಕಡೆ ಹೊರಳಿದ್ದು ಆಮೇಲೆ, ಇನ್ನೊಂದು ಕಂಪನಿಯಲ್ಲಿ. ಅಡುಗೆಮನೆಯಲ್ಲಿ ಸಿಲಿಂಡರ್ ಸೋರಿದರೆ ಕೂಗುವ ಪೆಟ್ಟಿಗೆ. ಇದರ ಮೂಲಪುರುಷ ಜಪಾನಿನ ನವೊಯೊಶಿ ತಗುಚಿ, 1962ರಲ್ಲಿ ತವರದ ಆಕ್ಸೈಡಿನ ಸೆನ್ಸರಿಗೆ ಪೇಟೆಂಟ್ ಅರ್ಜಿ ಹಾಕಿದವರು. ತತ್ವ ಸರಳ. ತವರದ ಆಕ್ಸೈಡನ್ನು ಮುನ್ನೂರು ನಾನೂರು ಡಿಗ್ರಿ ಕಾಯಿಸಿಟ್ಟರೆ ಗಾಳಿಯ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಎಲೆಕ್ಟ್ರಾನ್ ಕಿತ್ತುಕೊಂಡಿರುತ್ತದೆ, ರೋಧ ಹೆಚ್ಚಿರುತ್ತದೆ. ಉರಿಯುವ ಅನಿಲ ಬಂದರೆ ಆ ಆಮ್ಲಜನಕವನ್ನು ತಿಂದುಹಾಕುತ್ತದೆ, ಎಲೆಕ್ಟ್ರಾನುಗಳು ವಾಪಸು ಬರುತ್ತವೆ, ರೋಧ ದಿಢೀರನೆ ಇಳಿಯುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಡುತ್ತದೆ, ಅದಕ್ಕೇ ಪೆಟ್ಟಿಗೆಯನ್ನು ಮೊಣಕಾಲಿಗಿಂತ ಕೆಳಗೆ ಹಾಕಬೇಕು. ಗಾಳಿಯಲ್ಲಿ ಶೇಕಡ ಎರಡರ ಹತ್ತಿರ ಹೋದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ, ಅದಕ್ಕೆ ಬಹಳ ಮೊದಲೇ ಕೂಗಬೇಕು.

ಮೊದಲ ಮಾದರಿಯನ್ನು ನಮ್ಮ ಮನೆಯಲ್ಲೇ ಹಾಕಿದೆ. ಮರುದಿನ ಬೆಳಿಗ್ಗೆ ಅಮ್ಮ ಸಾರಿಗೆ ಒಗ್ಗರಣೆ ಹಾಕಿದರು, ಪೆಟ್ಟಿಗೆ ಬೊಬ್ಬೆ ಹೊಡೆಯಿತು. ಸಂಜೆ ಈರುಳ್ಳಿ ಹುರಿದಾಗ ಮತ್ತೊಮ್ಮೆ. ನಾಲ್ಕನೇ ದಿನ ನಾನು ಆಫೀಸಿನಿಂದ ಬರುವಾಗ ಅದರ ಪ್ಲಗ್ ಕಿತ್ತಿತ್ತು. "ನಿನ್ನ ಡಬ್ಬಿಗೆ ಇಂಗು ಆಗಿಬರಲ್ಲ ಕಣೇ. ಗ್ಯಾಸ್ ಸೋರಿದ್ರೆ ನನಗೇ ವಾಸನೆ ಬರುತ್ತೆ ಮಾರಾಯ್ತಿ." ಅಮ್ಮ ಹೇಳಿದ್ದು ನ್ಯಾಯವೇ, ಎಲ್‌ಪಿಜಿಗೆ ಮರ್ಕ್ಯಾಪ್ಟನ್ ಅನ್ನುವ ನಾತದ ದ್ರವ್ಯ ಬೆರೆಸುವುದು ಮೂಗಿಗೆ ಗೊತ್ತಾಗಲಿ ಅಂತಲೇ. ಆದರೆ ನೆಗಡಿ ಬಂದ ಮೂಗು? ನಿದ್ದೆ ಹೋದ ಮೂಗು? ಹೀಗೆ ವಾದ ಮಾಡುತ್ತಲೇ ಒಂದೂವರೆ ವರ್ಷ ನಮ್ಮ ಅಡುಗೆಮನೆ ನನ್ನ ಲ್ಯಾಬಾಯಿತು. ಒಗ್ಗರಣೆಯ ಹೊಗೆ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ, ಸೋರಿಕೆ ಏರುತ್ತಲೇ ಹೋಗುತ್ತದೆ. ಎತ್ತರದ ಜೊತೆಗೆ ಏರುವ ನಡಿಗೆಯನ್ನೂ ನೋಡಿ ತೀರ್ಮಾನಿಸುವ ಹಾಗೆ ಮಾಡಿದ ಮೇಲೆ ಇಂಗಿನ ಜೊತೆ ಒಂದು ಮಟ್ಟಿಗೆ ರಾಜಿ ಆಯಿತು. 2020ರಲ್ಲಿ ಮನೆಮನೆಗೂ ಸ್ಯಾನಿಟೈಜರ್ ಬಂದಾಗ ಮತ್ತೆ ಗಲಾಟೆ, ಆಲ್ಕೋಹಾಲಿನ ಆವಿ ಅಂದರೆ ತವರದ ಆಕ್ಸೈಡಿಗೆ ಪಂಚಪ್ರಾಣ.

ಒಮ್ಮೆ ನಲವತ್ತು ಪೆಟ್ಟಿಗೆ ಒಟ್ಟಿಗೆ ಸತ್ತವು. ಮುಚ್ಚಳ ಅಂಟಿಸಲು ಯಾರೋ ಬಾತ್‌ರೂಮಿಗೆ ಬಳಸುವ ಸಿಲಿಕೋನ್ ಸೀಲಂಟ್ ಬಳಸಿದ್ದರು. ಅದರ ಆವಿ ಬಿಸಿ ಸೆನ್ಸರಿನ ಮೇಲೆ ಸುಟ್ಟು ಗಾಜಿನಂಥ ಪದರವಾಗಿ ಕೂತಿತ್ತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಇನ್ನೂ ಸಿಟ್ಟು ಬರುತ್ತದೆ.

ಸಿಟ್ಟಿನ ಮಾತು ಬಂತು ಅಂತ ಇನ್ನೊಂದು. ನಾನು ನಿಯತಕಾಲಿಕೆಗಳಿಗೆ ಬರುವ ಗ್ಯಾಸ್ ಸೆನ್ಸರ್ ಲೇಖನಗಳನ್ನು ವಿಮರ್ಶೆಗೆ ಓದುತ್ತೇನೆ. ಹೊಸ ವಸ್ತು, ಹೊಸ ನ್ಯಾನೋ ಕಡ್ಡಿ, ಒಣ ಗಾಳಿಯಲ್ಲಿ ಒಂದು ಮಧ್ಯಾಹ್ನ ತೆಗೆದ ಚೆಂದದ ಗ್ರಾಫು. ಮಳೆಗಾಲದ ತೇವದಲ್ಲಿ ಏನಾಯಿತು? ಆರನೇ ತಿಂಗಳು ಏನಾಯಿತು? ಎಷ್ಟು ಸಲ ಕೇಳಿದರೂ "ಮುಂದಿನ ಅಧ್ಯಯನದಲ್ಲಿ" ಅನ್ನುವ ಉತ್ತರ. ಆರನೇ ತಿಂಗಳ ಗ್ರಾಫಿಗೆ ಯಾರೂ ಪದವಿ ಕೊಡುವುದಿಲ್ಲ ಅನ್ನುವುದು ನನಗೂ ಗೊತ್ತು, ಹಾಗಾಗಿ ಹುಡುಗರ ಮೇಲೆ ತಪ್ಪು ಹೊರಿಸಲಾರೆ. ಆದರೂ ಕೇಳುತ್ತೇನೆ.

ಹೋದ ವರ್ಷ ಕೆಲಸ ಬಿಟ್ಟ ಮೇಲೆ ಊರಿನ ತೋಟದಲ್ಲಿ ಒಂದು ಸ್ವಯಂಚಾಲಿತ ಮಳೆಮಾಪಕ ಹಾಕಿಸಿದೆ. ಆಲಿಕೆಯ ಕೆಳಗೆ ಏತದಂತೆ ಆಡುವ ಜೋಡಿ ಬಟ್ಟಲು. ಒಂದು ತುಂಬಿದರೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಮಗುಚಿಗೆ ಅಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾದು ಒಂದು ಎಣಿಕೆ, ಅದು ಫೋನಿಗೆ. ಒಂದು ಮಗುಚಿಗೆ 0.254 ಮಿಲಿಮೀಟರ್. ಬೇಕಂತಲೇ ಆರಿಸಿದ್ದು, ಲೆಕ್ಕ ಹಾಕಿದರೆ ಅದು ಸರಿಯಾಗಿ ಒಂದು ಸೆಂಟು. ಅಜ್ಜನ ತಾಮ್ರದ್ದು ಪಕ್ಕದಲ್ಲೇ ಇದೆ. ಬಿರುಮಳೆಯಲ್ಲಿ ಬಟ್ಟಲು ಮಗುಚುವ ಹೊತ್ತಿನಲ್ಲಿ ಒಂದಿಷ್ಟು ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ, ಹಾಗಾಗಿ ಹೊಸದು ಯಾವಾಗಲೂ ಸ್ವಲ್ಪ ಕಮ್ಮಿ ಹೇಳುತ್ತದೆ. ತಮ್ಮ ಎರಡನ್ನೂ ಲೆಡ್ಜರಿನಲ್ಲಿ ಅಕ್ಕಪಕ್ಕದ ಕಾಲಮ್ಮಿನಲ್ಲಿ ಬರೆಯುತ್ತಾನೆ.

ಜುಲೈನಲ್ಲಿ ಒಂದು ರಾತ್ರಿ ಇಲ್ಲಿಂದ ನೋಡುತ್ತಿದ್ದೇನೆ, ಫೋನಿನಲ್ಲಿ ಮೂರು ಗಂಟೆಯಿಂದ ಒಂದೂ ಎಣಿಕೆ ಇಲ್ಲ. ತಮ್ಮನಿಗೆ ಫೋನ್ ಮಾಡಿದರೆ ಆ ಕಡೆಯಿಂದ ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಅವನ ಮಾತೇ ಕೇಳಿಸುವುದಿಲ್ಲ. ವೈರು ಬಿಟ್ಟಿರಬಹುದು, ಬ್ಯಾಟರಿ ಇರಬಹುದು, ಸ್ವಿಚ್ಚಿಗೆ ನೀರು ಹೊಕ್ಕಿರಬಹುದು ಅಂತ ನಾನು ಒಂದೊಂದಾಗಿ ಹೇಳುತ್ತಿದ್ದೆ. ಅವನು ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಟಾರ್ಚ್ ಹಿಡಿದು ಬಯಲಿಗೆ ಹೋದ. ಸ್ವಲ್ಪ ಹೊತ್ತು ಬರೀ ಮಳೆ.

"ಅಕ್ಕಾ, ಆಲಿಕೆ ತೂತಿನ ಮೇಲೆ ಒಂದು ಕಪ್ಪೆ ಕೂತಿದೆ. ಏಳಿಸಿದ್ರೂ ಏಳ್ತಿಲ್ಲ. ಇದನ್ನ ಯಾವ ಕಾಲಮ್ಮಿಗೆ ಬರೀಲಿ?"